ನಿಮ್ಮ ಕಾಫಿ ಹೌಸ್ ಲೇಖನ ವಾಪಸ್ ಕಳಿಸ್ತಿದೀನಿ, ಪೂರ್ತಿ ಓದಿ

ನಮಸ್ಕಾರ. ಹಳೇ ಪೇಪರ್‌ಗಳನ್ನ ತಿರುವಿ ಹಾಕಿ ನೀವು ಬರೆದ ಕಾಫಿ ಹೌಸ್ ಇತಿಹಾಸದ ಲೇಖನ ಎರಡು ಸಲ ಓದಿದೆ. ಈಗಿರೋ ಹಾಗೆ ಹಾಕಕ್ಕಾಗಲ್ಲ. ಬೇಜಾರು ಮಾಡ್ಕೋಬೇಡಿ, ಬರೀ ಬೇಡ ಅನ್ನೋದಾಗಿದ್ರೆ ಎರಡು ಸಾಲಲ್ಲಿ ಮುಗಿಸ್ತಿದ್ದೆ, ಇಷ್ಟುದ್ದ ಬರೀತಿರೋದು ಆರನೇ ಪುಟದಲ್ಲಿ ನೀವು ಅಂಟಿಸಿರೋ ಆ ಒಂದು ಫೋಟೋಗೋಸ್ಕರ.

ಮೊದಲು ಕತ್ತರಿ ಕೆಲಸ. ಶುರುವಲ್ಲಿ ಮಂಡ್ಯದ ಅಜ್ಜಿ, ಸೌದೆ ಒಲೆ, ಬೆಲ್ಲದ ಕಾಫಿ ಅಂತ ಒಂದೂವರೆ ಪುಟ ಇದೆ. ಅಜ್ಜಿ ಮೇಲೆ ನಂಗೇನೂ ತಕರಾರಿಲ್ಲ ಕಣ್ರೀ, ಆದ್ರೆ ಕಾಫಿ ಬಗ್ಗೆ ಯಾರೇ ಬರೆದು ಕಳಿಸಿದ್ರೂ ಅದು ಅಜ್ಜಿ ಒಲೆ ಮುಂದೇನೇ ಶುರುವಾಗುತ್ತೆ, ಜೊತೆಗೆ ‘ಘಮ’ ಅನ್ನೋದನ್ನ ಎಣಿಸಿದೆ, ಹನ್ನೊಂದು ಸಲ ಬಂದಿದೆ. ಕೊನೇ ಎರಡು ಪುಟದ ಕಾಫಿ ಡೇ ಕಥೇನೂ ತೆಗೀರಿ. 1996ರಲ್ಲಿ ಬ್ರಿಗೇಡ್ ರೋಡಲ್ಲಿ ಶುರುವಾಯ್ತು, ಹುಡುಗ್ರು ಬಂದ್ರು ಅಂತಷ್ಟೇ ಇದೆ, ಬೆಳೆಗಾರರು ಬೆಳೆದಿದ್ದನ್ನೆಲ್ಲ ಸರ್ಕಾರದ ಕಾಫಿ ಬೋರ್ಡಿನ ಪೂಲ್‌ಗೇ, ಅಂದ್ರೆ ಎಲ್ಲರದ್ದೂ ಸೇರಿಸೋ ಒಂದೇ ರಾಶಿಗೇ, ಕೊಡ್ಬೇಕು ಅನ್ನೋ ಕಟ್ಟು ತೊಂಬತ್ತರ ದಶಕದಲ್ಲಿ ಸಡಿಲ ಆಗಿದ್ದನ್ನ ಬಿಟ್ಟು ಆ ಕಥೆ ಹೇಳಿ ಏನ್ ಬಂತು. ಅದು ಇನ್ನೊಂದು ಲೇಖನ, ಇನ್ಯಾವಾಗ್ಲಾದ್ರೂ ಬರೀರಿ.

ಈಗ ಫೋಟೋಗೆ ಬರ್ತೀನಿ. ವಾಚಕರ ಪತ್ರದ ಕಾಲಂನ ಒಂದು ತುಂಡು, ಐದೇ ಸಾಲು, ಕಾಫಿ ಹೌಸಲ್ಲಿ ರೇಟು ಏರಿತು ಕಪ್ಪು ಚಿಕ್ಕದಾಯ್ತು ಅಂತ ಯಾರೋ ಗೊಣಗಿದಾರೆ. ಕೆಳಗೆ ನೀವು ‘1955, ಕಾಫಿ ಬೋರ್ಡ್ ಕಾಲದ ಅಸಮಾಧಾನ’ ಅಂತ ಹಾಕಿದೀರ. ಅದನ್ನ ಸ್ಕ್ರೀನಲ್ಲಿ ದೊಡ್ಡದು ಮಾಡಿ ಮೂರನೇ ಸಾಲು ನೋಡಿ. ಬೆಲೆ ನಯಾಪೈಸೆ ಲೆಕ್ಕದಲ್ಲಿದೆ! ನಯಾಪೈಸೆ ಚಲಾವಣೆಗೆ ಬಂದಿದ್ದೇ 1957ರ ಏಪ್ರಿಲ್ 1ಕ್ಕೆ, ಅಲ್ಲೀವರೆಗೂ ರೂಪಾಯಿಗೆ 16 ಆಣೆ ಲೆಕ್ಕ, 1964ರಲ್ಲಿ ‘ನಯಾ’ ಬಿದ್ದುಹೋಗಿ ಬರೀ ಪೈಸೆ ಉಳೀತು. ಅಂದ್ರೆ 1955 ಆಗಿರಕ್ಕೆ ಸಾಧ್ಯಾನೇ ಇಲ್ಲ.

ಎರಡು ವರ್ಷ ಆಚೆ ಈಚೆ ಆದ್ರೆ ಏನೀಗ ಅನ್ಬೇಡಿ. ನಿಮ್ಮ ನಾಲ್ಕನೇ ಪುಟಾನೇ ತೆಗೆದು ನೋಡಿ. ಕಾಫಿ ಸೆಸ್ ಕಮಿಟಿಯೋರು (ಬೋರ್ಡಿಗಿಂತ ಮುಂಚಿನ ಸರ್ಕಾರಿ ಸಮಿತಿ) 1936ರಲ್ಲಿ ಬಾಂಬೆ ಚರ್ಚ್‌ಗೇಟಲ್ಲಿ ಮೊದಲನೇ ‘ಇಂಡಿಯಾ ಕಾಫಿ ಹೌಸ್’ ತೆಗೆದ್ರು, ಆಮೇಲೆ ಬೋರ್ಡ್ ನಡೆಸ್ತು, ಐವತ್ತರ ದಶಕದ ಮಧ್ಯದಲ್ಲಿ ಬೋರ್ಡ್ ಬಾಗಿಲು ಹಾಕಕ್ಕೆ ಹೊರಟಾಗ ಕೆಲಸ ಕಳ್ಕೊಂಡೋರು ಕಮ್ಯುನಿಸ್ಟ್ ನಾಯಕ ಎ. ಕೆ. ಗೋಪಾಲನ್ ಬೆನ್ನಿಗೆ ನಿಂತಿದ್ದರಿಂದ ತಾವೇ ಸಹಕಾರಿ ಸೊಸೈಟಿ ಕಟ್ಕೊಂಡ್ರು, ಮೊದಲನೇದು ಬೆಂಗಳೂರಲ್ಲಿ 1957ರ ಆಗಸ್ಟ್ 19ಕ್ಕೆ, ಅಕ್ಟೋಬರ್ 27ಕ್ಕೆ ದೆಹಲೀಲಿ ‘ಇಂಡಿಯನ್ ಕಾಫಿ ಹೌಸ್’. ಇಷ್ಟೂ ನೀವೇ ಬರೆದಿರೋದು (ಬೋರ್ಡಿಂದು ಇಂಡಿಯಾ, ಸೊಸೈಟೀದು ಇಂಡಿಯನ್, ಎರಡನ್ನೂ ಕಲಸಿಬಿಟ್ಟಿದೀರ, ಸರಿ ಮಾಡಿ). ಹಂಗಾದ್ರೆ ಆ ಪತ್ರ ಬರೆದ ಪುಣ್ಯಾತ್ಮ ಬೈದಿದ್ದು ಯಾರನ್ನ? ಬೋರ್ಡಿನ ಸಾಹೇಬ್ರನ್ನಾ, ಇಲ್ಲಾ ನಿನ್ನೆವರೆಗೂ ಪಗಡಿ ಸುತ್ಕೊಂಡು ಕಾಫಿ ತಂದಿಡ್ತಿದ್ದು ಇವತ್ತು ತಾನೇ ಹೋಟ್ಲು ನಡೆಸಕ್ಕೆ ಒದ್ದಾಡ್ತಿರೋ ಸಪ್ಲೈಯರ್‌ನಾ? ಲೇಖನ ಇರೋದೇ ಇಲ್ಲಿ, ನೀವು ಅದನ್ನ ಆರನೇ ಪುಟದಲ್ಲಿ ಅಲಂಕಾರಕ್ಕೆ ಇಟ್ಟಿದೀರ.

ಅದಕ್ಕೇ ದಿನಾಂಕ ಬೇಕು. ಫೋಟೋ ತೆಗೆಯೋವಾಗ ಪುಟದ ತಲೆ ಬಿಟ್ಟಿದೀರ, ಆ ತಪ್ಪು ನಾನೂ ಮಾಡಿದೀನಿ, ಪತ್ರ ಮಾತ್ರ ಕ್ಲಿಕ್ ಮಾಡ್ಕೊಂಡು ಬಂದು ವಾರ ಬಿಟ್ಟು ಹೋದ್ರೆ ಆ ಸಂಪುಟಾನೇ ಬೈಂಡಿಂಗ್‌ಗೆ ಹೋಗಿತ್ತು, ಎರಡು ತಿಂಗಳು ಕಾದೆ. ಇನ್ನೊಂದ್ಸಲ ಮೈಸೂರಿಗೆ ಬನ್ನಿ, ಮಂಡ್ಯದಿಂದ ಬೆಳಗಿನ ಟ್ರೈನ್ ಹಿಡಿದ್ರೆ ಲೈಬ್ರರಿ ಬಾಗಿಲು ತೆಗೆಯೋ ಹೊತ್ತಿಗೆ ಇಲ್ಲಿರ್ತೀರ. ಪುಟದ ಮೂಲೆ ಹರಿದಿದ್ರೆ ಪಂಚಾಂಗದ ಕಾಲಂ ಹುಡುಕಿ, ಹೇವಿಳಂಬಿ ಸಂವತ್ಸರ ಅಂತಿದ್ರೆ 1957ರ ಯುಗಾದಿ ಆದ್ಮೇಲಿನದು, ತಿಥಿ ಸಿಕ್ಕರೆ ದಿನಾನೂ ಸಿಗುತ್ತೆ. ಹಾಗೇ ಆಗಸ್ಟ್ ಕೊನೇ ಎರಡು ವಾರದ ಸಂಚಿಕೆ ಪೂರ್ತಿ ನೋಡಿ, ಮುಖಪುಟ ಅಷ್ಟೇ ಅಲ್ಲ, ಒಳಗಿನ ಪೇಟೆ ಧಾರಣೆ ಪುಟಾನೂ. ಸೊಸೈಟಿ ಸುದ್ದಿ ಅಲ್ಲಿ ಒಂದು ಇಂಚೂ ಇಲ್ಲ ಅಂದ್ರೆ ಅದನ್ನೂ ಬರೀರಿ. ಕಂಪ್ಯೂಟರಲ್ಲಿ ಹುಡುಕೋದಾದ್ರೆ ‘ಕಾಫಿ ಹೌಸ್’ ಒಂದೇ ಟೈಪ್ ಮಾಡಿ ಸಿಗ್ಲಿಲ್ಲ ಅನ್ಬೇಡಿ, ಹಳಬರು ಕಾಫೀ ಅಂತಿದ್ರು, ಕಾಪಿ ಅಂತಿದ್ರು, ಸ್ಕ್ಯಾನ್ ಆದ ಹಳೇ ಅಚ್ಚಲ್ಲಿ ಒತ್ತಕ್ಷರ ಅಂತೂ ದೇವರಿಗೇ ಪ್ರೀತಿ. ಕಾಫಿ ಕ್ಲಬ್ ಅಂತ ಸಿಕ್ಕಿದ್ರೆ ಮಾತ್ರ ಹುಷಾರು, ನಮ್ ಕಡೆ ಮಾಮೂಲಿ ಹೋಟ್ಲಿಗೂ ಹಂಗೇ ಅಂತಿದ್ರು.

ಆ ಪತ್ರದಿಂದಾನೇ ಶುರು ಮಾಡಿ, 1200 ಪದ ದಾಟ್ಬೇಡಿ. ಪುಟದ ಫೋಟೋ ಮತ್ತೆ ತೆಗೀರಿ, ಈ ಸಲ ನಾಲ್ಕೂ ಮೂಲೆ ಕಾಣ್ಬೇಕು.