ಸರ್ವಾಧಿಕಾರದಡಿ ಬದುಕುವ ಸಾಮಾನ್ಯ ಜನ ಸ್ವಾತಂತ್ರ್ಯ ಎಂದಾಗ ನಿಜಕ್ಕೂ ಏನು ಬಯಸುತ್ತಾರೆ?

ಈ ಪ್ರಶ್ನೆಗೆ ನನಗೆ ಥಟ್ಟನೆ ನೆನಪಾಗುವುದು 1989ರ ಪೂರ್ವ ಜರ್ಮನಿ, ಜನರನ್ನು ಪಶ್ಚಿಮಕ್ಕೆ ಸಲೀಸಾಗಿ ಹೋಗಗೊಡದ ಕಮ್ಯುನಿಸ್ಟ್ ಆಡಳಿತದ ದೇಶ. ಅಲ್ಲಿನವರ ಆಸೆಗಳು ತೀರಾ ಸಣ್ಣವು. ಗಡಿಯಾಚೆಗಿನ ಅಕ್ಕನ ಮನೆಗೆ ಹೋಗಿಬರಬೇಕು, ಬಂದ ಕಾಗದವನ್ನು ಇನ್ಯಾರೋ ಒಡೆದು ಓದಬಾರದು, ಹಾಕಿದ ಮತ ಲೆಕ್ಕಕ್ಕೆ ಬರಬೇಕು, ಅಷ್ಟೆ. ಒಂದೂವರೆ ಕೋಟಿ ಚಿಲ್ಲರೆ ಜನರ ಮೇಲೆ ಕಣ್ಣಿಡಲು ಸ್ಟಾಸಿ ಎಂಬ ಗೂಢಚಾರ ಇಲಾಖೆಯಲ್ಲಿ ಸುಮಾರು 91,000 ನೌಕರರಿದ್ದರು. ಚಾಡಿ ಹೇಳುವ ನೆರೆಹೊರೆಯವರು ಬೇರೆ. ಆ ಮೇ ತಿಂಗಳ ಸ್ಥಳೀಯ ಚುನಾವಣೆಯಲ್ಲಿ ಶೇ. 98.85ರಷ್ಟು ಮತ ತಮಗೇ ಬಿತ್ತೆಂದು ಸರ್ಕಾರ ಘೋಷಿಸಿತು. ಎಣಿಕೆಯನ್ನು ಖುದ್ದು ನಿಂತು ನೋಡಿದ್ದವರಿಗೆ ಅದು ಹಸಿ ಸುಳ್ಳೆಂದು ಗೊತ್ತಿತ್ತು.

ಅಲ್ಲಿನ ಲೈಪ್‌ಜಿಗ್ ನಗರದ ನಿಕೊಲಾಯ್ ಚರ್ಚಿನಲ್ಲಿ ಸೋಮವಾರ ಸಂಜೆ ಶಾಂತಿ ಪ್ರಾರ್ಥನೆ ನಡೆಯುತ್ತಿತ್ತು. ಸೆಪ್ಟೆಂಬರಿನಲ್ಲಿ ಅದರ ಹೊರಗೆ ಕೇಳಿದ ಕೂಗು "ನಾವು ಇಲ್ಲಿಂದ ಹೋಗಬೇಕು" ಎಂದು. ಕೆಲವೇ ವಾರಗಳಲ್ಲಿ ಬೇರೊಂದು ಕೂಗು ಜೋರಾಯಿತು: "ನಾವು ಇಲ್ಲೇ ಇರುತ್ತೇವೆ." ಈ ಬದಲಾವಣೆಯೇ ನನ್ನನ್ನು ಹೆಚ್ಚು ತಟ್ಟುವುದು. ಓಡಿಹೋಗುವ ಆಸೆ, ತನ್ನ ಊರನ್ನೇ ಬಾಳಲು ಯೋಗ್ಯವಾಗಿಸುವ ಹಟವಾಗಿ ಬದಲಾಯಿತು.

ಅಕ್ಟೋಬರ್ 9ರಂದು ಸುಮಾರು 70,000 ಜನ ಬೀದಿಗಿಳಿದರು. ಗೋಲಿಬಾರ್ ಆಗಬಹುದೆಂಬ ಭಯ ಊರಿಗೆಲ್ಲ ಹಬ್ಬಿತ್ತು. ಆ ಜೂನ್‌ನಲ್ಲಷ್ಟೇ ಚೀನಾದ ಬೀಜಿಂಗ್‌ನಲ್ಲಿ ಸೇನೆ ಪ್ರತಿಭಟನಕಾರರ ಮೇಲೆ ಗುಂಡು ಹಾರಿಸಿದ್ದನ್ನು ಎಲ್ಲರೂ ಬಲ್ಲರು. ಆದರೂ ಬಂದರು, ಮೇಣದಬತ್ತಿ ಹಿಡಿದು. ಒಂದು ಕೈಯಲ್ಲಿ ಬತ್ತಿ, ಗಾಳಿಗೆ ಆರದಂತೆ ಇನ್ನೊಂದು ಕೈ ಅಡ್ಡ. ಕಲ್ಲೆತ್ತಲು ಕೈಯೇ ಉಳಿದಿರಲಿಲ್ಲ. "ನಾವೇ ಜನ" ಎನ್ನುತ್ತಾ ಊರ ಸುತ್ತ ನಡೆದರು. ಪೊಲೀಸರು ಗುಂಡು ಹಾರಿಸಲಿಲ್ಲ. ಸರಿಯಾಗಿ ಒಂದು ತಿಂಗಳಿಗೆ, ನವೆಂಬರ್ 9ರ ರಾತ್ರಿ, ನಗರವನ್ನು ಪೂರ್ವ-ಪಶ್ಚಿಮವಾಗಿ ಸೀಳಿದ್ದ ಬರ್ಲಿನ್ ಗೋಡೆಯ ಗೇಟುಗಳು ತೆರೆದುಕೊಂಡವು.