ಆ ಅಕ್ಕ ಯಾಕೆ ಹಾಗೆ ನಡೀತಾಳೆ?

ಪ್ರಶ್ನೆ: ನಮ್ಮ ಮಗನಿಗೆ ಐದು ವರ್ಷ. ಪಕ್ಕದ ಮನೆಗೆ ಹೊಸದಾಗಿ ಬಂದವರ ಮಗಳಿಗೆ ಎಂಟು, ಸೆರೆಬ್ರಲ್ ಪಾಲ್ಸಿಯಂತೆ. ವಾಕರ್ ಹಿಡಿದು ನಡೆಯುತ್ತಾಳೆ, ಮಾತು ಸ್ಪಷ್ಟವಿಲ್ಲ, ಜೊಲ್ಲು ಸುರಿಯುತ್ತದೆ. ಅರಿಶಿನ ಕುಂಕುಮಕ್ಕೆ ಹೋದಾಗ ಇವನು ಎಲ್ಲರೆದುರು ಜೋರಾಗಿ ‘ಈ ಅಕ್ಕ ಯಾಕೆ ಹೀಗೆ ನಡೀತಾಳೆ?’ ಅಂದುಬಿಟ್ಟ. ಗದರಿಸಿ ಎಳೆದುಕೊಂಡು ಬಂದೆ. ಮನೆಯಲ್ಲಿ ಅತ್ತೆ ‘ಹೇಳಿದ ಮಾತು ಕೇಳದಿದ್ರೆ ನಿನಗೂ ಹಾಗೇ ಆಗುತ್ತೆ’ ಅಂದರು. ಈಗ ಅವನಿಗೆ ಆ ಮನೆ ಕಡೆ ಹೋಗೋಕೇ ಹೆದರಿಕೆ. ಏನು ಹೇಳಲಿ?
– ಓದುಗರು, ದಾವಣಗೆರೆ

ಉತ್ತರ: ಮೊದಲು ಹೆದರಿಕೆ ಕಳೆಯಿರಿ, ಉಳಿದದ್ದು ಆಮೇಲೆ. ಇವತ್ತೇ ಪಕ್ಕದಲ್ಲಿ ಕೂರಿಸಿಕೊಂಡು, ‘ಮಾತು ಕೇಳದಿದ್ರೆ ಯಾರಿಗೂ ಹಾಗಾಗಲ್ಲ ಕಂದಾ, ಅಕ್ಕನ ಜೊತೆ ಆಡಿದ್ರೂ ನಿನಗೆ ಬರಲ್ಲ, ಅದು ನೆಗಡಿ ಥರ ಅಂಟೋದಲ್ಲ’ ಅಂತ ಹೇಳಿ. ಈ ವಯಸ್ಸಿನ ಮಕ್ಕಳ ‘ಯಾಕೆ’ ಒಳಗೆ ಎಷ್ಟೋ ಸಲ ‘ನನಗೂ ಆಗುತ್ತಾ’ ಅನ್ನೋದು ಅಡಗಿರುತ್ತದೆ. ಅತ್ತೆಯವರ ಹತ್ತಿರವೂ ಸಮಾಧಾನವಾಗಿ ಮಾತಾಡಿ. ಶಿಕ್ಷೆ, ಕರ್ಮ, ಗ್ರಹಣ ಅಂತೆಲ್ಲ ಕಾರಣ ಕೊಟ್ಟರೆ ಆ ಹುಡುಗಿಯೋ ಅವಳಮ್ಮನೋ ಏನೋ ತಪ್ಪು ಮಾಡಿದ್ದಾರೆ ಅಂತ ಮಗು ನಂಬಿಬಿಡುತ್ತದೆ. ಇದು ನನಗೆ ತುಂಬಾ ಸಂಕಟ ಕೊಡುವ ವಿಷಯ.

ಹುಟ್ಟುವ ಮೊದಲೋ, ಹುಟ್ಟುವಾಗಲೋ, ಹುಟ್ಟಿದ ಮೇಲೆ ಎಳೆ ವಯಸ್ಸಿನಲ್ಲೋ ಮೆದುಳಿಗೆ ತೊಂದರೆಯಾದರೆ ಸ್ನಾಯುಗಳು ಹಿಡಿತಕ್ಕೆ ಸಿಗುವುದಿಲ್ಲ, ಅದೇ ಸೆರೆಬ್ರಲ್ ಪಾಲ್ಸಿ. ಜೊಲ್ಲೂ ಅದಕ್ಕೇ. ಬಾಯಲ್ಲಿ ಊರಿದ್ದನ್ನು ನಾವು ಗೊತ್ತಿಲ್ಲದೇ ನುಂಗುತ್ತಿರುತ್ತೇವೆ, ಅವಳಿಗೆ ತುಟಿ ಮುಚ್ಚಿ ನುಂಗುವುದೇ ಕಷ್ಟದ ಕೆಲಸ. ನಿಮ್ಮ ಮಗನಿಗೆ ಇಷ್ಟೆಲ್ಲ ಬೇಡ. ‘ಅಕ್ಕನ ಕಾಲು, ಬಾಯಿ ಅವಳು ಹೇಳಿದ ಹಾಗೆ ಕೇಳಲ್ಲ, ಅದಕ್ಕೇ ವಾಕರ್ ಬೇಕು, ಮಾತಾಡೋಕೆ ಜಾಸ್ತಿ ಹೊತ್ತು ಬೇಕು’ ಅಂದರೆ ಸಾಕು. ಮಾತು ತಡವರಿಸಿದರೆ ಬುದ್ಧಿ ಕಮ್ಮಿ ಅಂತಲ್ಲ. ಈ ತೊಂದರೆ ಇರುವ ಎಷ್ಟೋ ಮಕ್ಕಳಿಗೆ ಎಲ್ಲವೂ ಅರ್ಥವಾಗುತ್ತದೆ, ಎದುರಿಗೆ ನಿಂತು ನಾವು ಆಡುವ ‘ಪಾಪ’ ಕೂಡ. ದಯವಿಟ್ಟು ಆ ಮಾತು ಬಿಡಿ. ಹಾಗೇ ಮನೆಯಲ್ಲಿ ‘ಕುರುಡಾ, ಕಣ್ಣು ಕಾಣಲ್ವಾ’, ‘ಕಿವುಡನ ಥರ ನಿಂತಿದ್ದೀಯಲ್ಲ’ ಅಂತ ಬೈಯುವ ಅಭ್ಯಾಸ ಇದ್ದರೆ ಅದನ್ನೂ. ಮಕ್ಕಳು ಕಲಿಯೋದು ಅಲ್ಲಿಂದಲೇ ಅಲ್ವಾ?

ಇನ್ನೊಮ್ಮೆ ಜೋರಾಗಿ ಕೇಳಿದರೆ ಎಳೆದುಕೊಂಡು ಬರಬೇಡಿ. ‘ವಾಕರ್ ಹಿಡಿದು ನಡೀತಾಳೆ, ಬಾ, ಹೆಸರು ಕೇಳೋಣ’ ಅನ್ನಿ. ಹೆಸರನ್ನು ಅವಳನ್ನೇ ಕೇಳಲಿ, ಅವಳಮ್ಮನನ್ನಲ್ಲ. ಉತ್ತರ ಬರೋವರೆಗೂ ಕಾಯಲಿ, ತಿಳಿಯದಿದ್ದರೆ ‘ಇನ್ನೊಂದ್ಸಲ ಹೇಳಕ್ಕಾ’ ಅನ್ನಲಿ. ಕೇಳದೇ ವಾಕರ್ ಮುಟ್ಟಬಾರದು ಅಂತ ಮೊದಲೇ ಹೇಳಿಟ್ಟಿರಿ.

ಸಾಧಕರ ಕಥೆ ಹೇಳಬಹುದಾ ಅಂತ ಬಹಳ ಜನ ಕೇಳುತ್ತಾರೆ. ಹೇಳಿ. 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಎತ್ತರ ಜಿಗಿತದಲ್ಲಿ ಬೆಳ್ಳಿ ಗೆದ್ದ ನಮ್ಮ ಗಿರೀಶ್ ಬಗ್ಗೆ, ಗದುಗಿನ ಪುಟ್ಟರಾಜ ಗವಾಯಿಗಳ ಬಗ್ಗೆ ಮಕ್ಕಳಿಗೆ ಗೊತ್ತಾಗಲಿ. ಆದರೆ ಪಕ್ಕದ ಮನೆ ಹುಡುಗಿ ಇವನ ಗೆಳತಿಯಾಗಲು ಏನನ್ನೂ ಗೆಲ್ಲಬೇಕಾಗಿಲ್ಲ.

ಅವಳಿಗೆ ಯಾವ ಆಟ ಇಷ್ಟ ಅಂತ ಕೇಳಿ, ಭಾನುವಾರ ಮನೆಗೆ ಕರೆಯಿರಿ. ಚೌಕಾಬಾರ ಆದರೆ ಸುಲಭ. ಅವಳು ಕವಡೆ ಹಾಕಿ ಯಾವ ಕಾಯಿ ಅಂತ ತೋರಿಸಲಿ, ಇವನು ನಡೆಸಲಿ. ಒಂದು ಗಂಟೆ ಸಾಕು, ಮುಂದಿನದನ್ನು ಅವರಿಬ್ಬರೇ ನೋಡಿಕೊಳ್ಳುತ್ತಾರೆ.