ಎರಡೂವರೆ ವರ್ಷದ ಮಗು ಮೊಬೈಲ್ ನೋಡಿದರೆ ಗಮನ ಕಡಿಮೆಯಾಗುತ್ತದೆಯೇ?

ಮಗ ಕಾರ್ಟೂನ್ ಮುಂದೆ ಅಲುಗಾಡದೆ ಕೂರುತ್ತಾನೆ, ಆಟಿಕೆ ಕೊಟ್ಟರೆ ಎರಡೇ ನಿಮಿಷಕ್ಕೆ ಬಿಟ್ಟು ಏಳುತ್ತಾನೆ ಎಂದು ಬರೆದಿದ್ದೀರಿ. ಎರಡೂ ಒಂದೇ ಬಗೆಯ ಗಮನ ಅಲ್ಲ. ಕಾರ್ಟೂನಿನಲ್ಲಿ ಚಿತ್ರ, ಸದ್ದು ಬದಲಾಗುತ್ತಲೇ ಇರುತ್ತವೆ, ಅದೇ ಕಣ್ಣನ್ನು ಎಳೆದು ಕೂರಿಸುತ್ತದೆ. ಆಟಿಕೆ ಹಿಡಿದಾಗ ಮನಸ್ಸನ್ನು ಮಗುವೇ ನಿಲ್ಲಿಸಿಕೊಳ್ಳಬೇಕು. ಆ ಶಕ್ತಿ ನಿಧಾನಕ್ಕೆ ಬರುವಂಥದ್ದು. ಈ ವಯಸ್ಸಿನಲ್ಲಿ ಒಂದು ಆಟ ಬಿಟ್ಟು ಇನ್ನೊಂದಕ್ಕೆ ಓಡುವುದು ಸಹಜವೇ.

ಮಿದುಳು ಹಾಳಾಗುತ್ತದೆ ಎಂದು ಹೆದರಿಸುವವರ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಚಿಕ್ಕಂದಿನಲ್ಲಿ ಜಾಸ್ತಿ ಟಿವಿ ನೋಡಿದವರಿಗೆ ಏಳನೇ ವಯಸ್ಸಿನಲ್ಲಿ ಗಮನದ ತೊಂದರೆ ಹೆಚ್ಚು ಎಂದು 2004ರಲ್ಲಿ ಅಮೆರಿಕದ ಒಂದು ಅಧ್ಯಯನ ಹೇಳಿತ್ತು. 2010ರಲ್ಲಿ ಬೇರೆಯವರು ಮನೆಯ ಬಡತನವನ್ನೂ ಲೆಕ್ಕಕ್ಕೆ ತೆಗೆದುಕೊಂಡು ನೋಡಿದಾಗ ಆ ನಂಟು ನಿಲ್ಲಲಿಲ್ಲ. ಚಡಪಡಿಸುವ ಮಗುವಿನ ಕೈಗೇ ನಾವು ಬೇಗ ಫೋನ್ ಕೊಡುತ್ತೇವೆ, ಅದೂ ಇದೆ ಅಲ್ವಾ?

ನನಗೆ ಚಿಂತೆ ಬೇರೆ. ಮಗುವಿನ ಜೊತೆ ನಾವು ಮಾತಾಡಿ ಆಡಿಸಬೇಕಾದ ಹೊತ್ತನ್ನು ಮೊಬೈಲ್, ಟಿವಿ ಪರದೆ ನುಂಗುತ್ತದೆ. 2003ರ ಒಂದು ಪ್ರಯೋಗದಲ್ಲಿ ಒಂಬತ್ತು ತಿಂಗಳ ಅಮೆರಿಕನ್ ಶಿಶುಗಳಿಗೆ ಚೀನೀ ಭಾಷೆ ಕೇಳಿಸಿದರು. ಎದುರು ಕೂತು ಆಡಿಸುತ್ತಾ ಮಾತಾಡಿದಾಗ ಅದರ ಧ್ವನಿಗಳ ವ್ಯತ್ಯಾಸ ಹಿಡಿದವು. ಅದೇ ಮಾತುಗಳನ್ನು ವಿಡಿಯೊದಲ್ಲಿ ತೋರಿಸಿದ ಶಿಶುಗಳು ಏನೂ ಕಲಿಯಲಿಲ್ಲ. ಮಗು ಒಂದು ಸದ್ದು ಮಾಡಿದರೆ ನಾವು ತಿರುಗಿ ನಗುತ್ತೇವೆ, ಏನೋ ಹೇಳುತ್ತೇವೆ. ವಿಡಿಯೊ ಹಾಗೆ ಮಾಡುವುದಿಲ್ಲ. ವಿಡಿಯೊ ಕಾಲ್‌ನಲ್ಲಿ ಎದುರಿನವರು ಹಾಗೆ ಮಾಡುತ್ತಾರೆ, ಹಾಗಾಗಿ ಅಜ್ಜಿ ಜೊತೆ ಹರಟೆಯನ್ನು ಇದೇ ಲೆಕ್ಕಕ್ಕೆ ಸೇರಿಸಬೇಡಿ.

ಯಾರೂ ನೋಡದೆ ಸುಮ್ನೆ ಓಡುವ ಟಿವಿಯನ್ನು ಮೊದಲು ಆರಿಸಿ. ಮಗು ಅದರತ್ತ ಹೆಚ್ಚು ತಿರುಗದಿದ್ದರೂ ಮಗುವಿನ ಆಟ ತುಂಡಾಗುತ್ತದೆ. ದೊಡ್ಡವರ ಮಾತೂ ಕಡಿಮೆಯಾಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು, 2ರಿಂದ 4 ವರ್ಷದವರಿಗೆ ಪರದೆಯ ಮುಂದೆ ದಿನಕ್ಕೆ 1 ಗಂಟೆಗಿಂತ ಜಾಸ್ತಿ ಬೇಡ, ಕಡಿಮೆಯಾದಷ್ಟೂ ಒಳ್ಳೆಯದು. ಆ ಹೊತ್ತಿನಲ್ಲಿ ಪಕ್ಕ ಕೂತು ಮಾತಾಡಿ. ಒಂದು ವಿಡಿಯೊ ಮುಗಿದ ಕೂಡಲೇ ಇನ್ನೊಂದು ತಾನಾಗಿ ಶುರುವಾಗುವ ಆಟೋಪ್ಲೇ ತೆಗೆದುಹಾಕಿ. ನನ್ನ ಮಗಳಿಗೆ 'ಇನ್ನೈದು ನಿಮಿಷ' ಅಂದರೆ ತಲೆಗೆ ಹೋಗುತ್ತಿರಲಿಲ್ಲ, 'ಈ ಕಥೆ ಮುಗಿದ ಮೇಲೆ ಬಂದ್' ಅಂದರೆ ಗೊಣಗುತ್ತಲೇ ಕೊಡುತ್ತಿದ್ದಳು. ಅತ್ತಾಗೆಲ್ಲಾ ಫೋನ್ ಕೊಡುವುದನ್ನು ಮಾತ್ರ ಬಿಡಿ. ಅಳುವನ್ನು ತಾನೇ ಸಂಭಾಳಿಸಿಕೊಳ್ಳುವುದನ್ನೂ ಮಗು ಕಲಿಯಬೇಕಲ್ಲ.

ಒಂದು ವೇಳೆ ಅವನು ಎರಡು ಪದ ಕೂಡಿಸಿ ಮಾತಾಡುತ್ತಿಲ್ಲ, ಹೆಸರು ಕರೆದರೆ ತಿರುಗುವುದಿಲ್ಲ, ಬೇಕಾದ್ದನ್ನು ಬೆರಳು ಮಾಡಿ ತೋರಿಸುವುದಿಲ್ಲ ಎಂದಾದರೆ ಫೋನನ್ನು ದೂರುತ್ತಾ ಕಾಯಬೇಡಿ. ಮಕ್ಕಳ ವೈದ್ಯರಿಗೆ ತೋರಿಸಿ, ಕಿವಿಯ ಪರೀಕ್ಷೆಯನ್ನೂ ಮಾಡಿಸಿ.